ಮನಸ್ಸಿಲ್ಲದೆ ಕಾಸಿದ ಗಂಜಿ

“ಅಯ್ಯನವರೇ, ಒಳಗೆ ಸಿಟ್ಟು ಇಟ್ಟುಕೊಂಡು ಒಬ್ಬನಿಗೆ ಒಳ್ಳೆಯದು ಮಾಡಿದರೆ ಅದು ಕಪಟವಲ್ಲವೇ?” ಎಂದು ಜಯವಂತ ಕೇಳಿದ.

ಜಯವಂತ ಸಭಾಪಾಲಕನಾಗಲು ಓದುತ್ತಿದ್ದವನು. ಹಿರಿಯ ಸಭಾಪಾಲಕರಾದ ನತಾನಿಯೇಲ ಅಯ್ಯನವರ ಬಳಿ ಕಲಿಯಲು ಬಂದಿದ್ದ. ಭಾನುವಾರದ ಆರಾಧನೆ ಮುಗಿದು ಜನರೆಲ್ಲ ಮನೆಗೆ ಹೋಗಿದ್ದರು. ಇಬ್ಬರೂ ದೇವಾಲಯದ ಮೆಟ್ಟಿಲ ಮೇಲೆ ಕುಳಿತಿದ್ದರು.

“ಕ್ಷಮೆ ಒಳಗಿನಿಂದ ಬರಬೇಕು. ಅದು ಬರುವವರೆಗೆ ಸುಮ್ಮನಿರುವುದೇ ಪ್ರಾಮಾಣಿಕತೆ ಎಂದು ನನಗೆ ಅನ್ನಿಸುತ್ತದೆ” ಎಂದೂ ಸೇರಿಸಿದ.

ಅಯ್ಯನವರು ಒಂದು ಕತೆ ಹೇಳಿದರು.

ಒಂದು ಹೊಳೆಯ ದಡದಲ್ಲಿ ಒಬ್ಬ ವಿಧವೆ ಇದ್ದಳು. ಆಕೆಗೆ ಒಬ್ಬನೇ ಮಗ. ದೇವಾಲಯ ಇದ್ದದ್ದು ಆಚೆ ದಡದಲ್ಲಿ. ಪ್ರತಿ ಭಾನುವಾರ ತಾಯಿ ಮಗ ಇಬ್ಬರೂ ದೋಣಿ ಹತ್ತಿ ಆರಾಧನೆಗೆ ಹೋಗುತ್ತಿದ್ದರು. ದೋಣಿ ನಡೆಸುವ ಅಂಬಿಗನೂ ಅದೇ ದೇವಾಲಯದ ಸಭೆಯವನು. ಗಟ್ಟಿಗ, ಮಾತುಗಾರ. ಹೊಳೆ ತನ್ನ ಮಾತು ಕೇಳುತ್ತದೆ ಎಂದು ನಂಬಿದ್ದವನು.

ಒಂದು ಮಳೆಗಾಲದಲ್ಲಿ ಹೊಳೆ ತುಂಬಿ ಹರಿಯುತ್ತಿತ್ತು. ತಾಯಿಗೆ ಕಾಲು ಉಳುಕಿದ್ದರಿಂದ ಆ ಭಾನುವಾರ ಮಗ ಒಬ್ಬನೇ ಹೊರಟ. ದೋಣಿ ಆಗಲೇ ತುಂಬಿತ್ತು. ಹಿರಿಯರೊಬ್ಬರು, ‘ಇನ್ನು ಯಾರೂ ಬೇಡ, ನೀರಿನ ಸೆಳೆತ ನೋಡು’ ಎಂದರು. ಅಂಬಿಗ ನಕ್ಕು, ಇನ್ನೂ ಕೆಲವರನ್ನು ಹತ್ತಿಸಿಕೊಂಡ. ನಡುಹೊಳೆಯಲ್ಲಿ ದೋಣಿ ಮಗುಚಿತು. ಉಳಿದವರೆಲ್ಲ ಹೇಗೋ ದಡ ಸೇರಿದರು. ವಿಧವೆಯ ಮಗ ಸೇರಲಿಲ್ಲ.

ಅಂದಿನಿಂದ ಆಕೆ ದೋಣಿ ಹತ್ತಲಿಲ್ಲ. ದೂರದ ಸೇತುವೆಯ ತನಕ ನಡೆದು, ಸುತ್ತುಬಳಸಿ ದೇವಾಲಯಕ್ಕೆ ಹೋಗುತ್ತಿದ್ದಳು. ಕರ್ತನು ಕಲಿಸಿದ ಪ್ರಾರ್ಥನೆಯನ್ನು ಎಲ್ಲರೊಡನೆ ಹೇಳುತ್ತಿದ್ದಳು. ತಪ್ಪು ಮಾಡಿದವರನ್ನು ಕ್ಷಮಿಸುವ ಮಾತು ಬಂದಾಗ ಮಾತ್ರ ಬಾಯಿ ಮುಚ್ಚುತ್ತಿದ್ದಳು. ದೇವರ ಮುಂದೆ ಸುಳ್ಳು ಹೇಳಲು ಆಕೆಗೆ ಇಷ್ಟವಿರಲಿಲ್ಲ.

ಅಂಬಿಗ ಆರಾಧನೆಗೆ ಹೋಗುವುದನ್ನೇ ಬಿಟ್ಟ. ಅವನ ದೋಣಿಗೆ ಯಾರೂ ಕಾಲಿಡಲಿಲ್ಲ. ಹೆಂಡತಿ ತವರಿಗೆ ಹೋದಳು. ಅವನು ಗುಡಿಸಲಿನಲ್ಲಿ ಒಬ್ಬನೇ ಜ್ವರ ಹಿಡಿದು ಮಲಗಿದ.

ವಿಧವೆ ಸೇತುವೆಗೆ ಹೋಗುವ ದಾರಿ ಆ ಗುಡಿಸಲ ಮುಂದೆಯೇ ಹಾದುಹೋಗುತ್ತಿತ್ತು. ಒಂದು ಭಾನುವಾರ ಹಿಂತಿರುಗುವಾಗ ಒಳಗಿನಿಂದ ನರಳುವ ಸದ್ದು ಕೇಳಿತು. ಒಲೆಯ ಹೊಗೆ ಕಾಣಲಿಲ್ಲ. ಆಕೆ ನಿಲ್ಲಲಿಲ್ಲ. ‘ನರಳಲಿ’ ಎಂದುಕೊಂಡು ಮನೆಗೆ ಬಂದಳು. ಬಡಿಸಿಕೊಂಡು ಕುಳಿತಳು. ತುತ್ತು ಗಂಟಲಲ್ಲಿ ಇಳಿಯಲಿಲ್ಲ. ಅವನ ಮೇಲೆ ಇನ್ನಷ್ಟು ಸಿಟ್ಟು ಬಂತು. ‘ಮಗನನ್ನು ತಿಂದ, ಈಗ ನನ್ನ ಅನ್ನವನ್ನೂ ನನಗೆ ತಿನ್ನಗೊಡುವುದಿಲ್ಲ’ ಎಂದು ಬೈದಳು. ಸಿಟ್ಟಿನಲ್ಲೇ ಎದ್ದು ಗಂಜಿ ಕಾಸಿದಳು. ಸಿಟ್ಟಿನಲ್ಲೇ ಹೋಗಿ ಪಾತ್ರೆಯನ್ನು ಅವನ ಹಾಸಿಗೆಯ ಪಕ್ಕ ಕುಕ್ಕಿದಳು.

ಅವನು ಗೋಡೆಯ ಕಡೆ ಮುಖ ತಿರುಗಿಸಿದ. ಆಕೆ ಅಲ್ಲಿಂದ ಬಂದುಬಿಟ್ಟಳು. ಮರುದಿನ ಹೋಗಿ ನೋಡಿದರೆ ಪಾತ್ರೆ ಬರಿದಾಗಿತ್ತು. ಮತ್ತೆ ತುಂಬಿದಳು.

ಹೀಗೆಯೇ ನಡೆಯಿತು. ಒಮ್ಮೆ ಅರ್ಧ ದಾರಿಯಲ್ಲಿ ಮಗನ ನೆನಪು ಉಕ್ಕಿ ಬಂತು. ಗಂಜಿಯನ್ನು ಬೇಲಿಯ ಬುಡಕ್ಕೆ ಸುರಿದು ಹಿಂತಿರುಗಿದಳು. ಸಂಜೆ ಮತ್ತೆ ಒಲೆ ಹೊತ್ತಿಸಿದಳು.

ಜ್ವರ ಇಳಿಯುತ್ತಿದ್ದಾಗ ಅಂಬಿಗ ಎದ್ದು ಕುಳಿತು ಕೇಳಿದ: ‘ಅಮ್ಮಾ, ನನ್ನನ್ನು ಕ್ಷಮಿಸಿದಿರಾ?’

‘ಇಲ್ಲ’ ಎಂದಳು. ‘ಗಂಜಿ ಆರುತ್ತದೆ, ಕುಡಿ.’

ಅವನು ಅಳುತ್ತಲೇ ಕುಡಿದ.

ಅವನು ಗುಣವಾದ. ಹೊಳೆಯ ನೀರು ಇಳಿದ ಮೇಲೆ ದೋಣಿಯನ್ನು ದುರಸ್ತಿ ಮಾಡಿ ಜನ ದೋಣಿ ಹತ್ತುವ ಕಡವಿಗೆ ತಂದು ನಿಲ್ಲಿಸಿದ. ಭಾನುವಾರ ಬಂತು. ಜನ ದಡದಲ್ಲಿ ನಿಂತು ನೋಡಿದರು. ಯಾರೂ ಹತ್ತಲಿಲ್ಲ. ಆಗ ವಿಧವೆ ಬಂದಳು. ಸೇತುವೆಯ ದಾರಿ ಹಿಡಿಯದೆ ನೇರವಾಗಿ ನೀರಿಗಿಳಿದು ದೋಣಿ ಹತ್ತಿ ಕುಳಿತಳು. ದೋಣಿಯ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಳು. ಅಂಬಿಗನಿಗೆ ಹುಟ್ಟು ಎತ್ತಲು ಆಗಲಿಲ್ಲ.

‘ಅಮ್ಮಾ, ನಿಮಗೆ ಭಯವಿಲ್ಲವೇ?’

‘ಇದೆ. ಹುಟ್ಟು ಹಾಕು.’

ನಡುಹೊಳೆಗೆ ಬಂದಾಗ ಆಕೆ, ‘ನಿಲ್ಲಿಸು’ ಎಂದಳು. ಅವನು ನಿಲ್ಲಿಸಿದ. ‘ಇಷ್ಟು ದಿನ ನನ್ನ ಕೈಯ ಗಂಜಿ ಕುಡಿದೆ. ಒಂದು ಸಲವೂ ನನ್ನ ಮಗನ ಹೆಸರೆತ್ತಲಿಲ್ಲ. ಇಲ್ಲಿ ಹೇಳು’ ಎಂದಳು.

ಅವನು ಹುಟ್ಟನ್ನು ದೋಣಿಯೊಳಗೆ ಎತ್ತಿಟ್ಟ. ಆಮೇಲೆ, ‘ಸ್ತೆಫಾನ’ ಎಂದ. ಮತ್ತೊಮ್ಮೆ, ‘ಸ್ತೆಫಾನ’ ಎಂದ. ಆಕೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಮಗ ಸತ್ತ ದಿನವೂ ಆಕೆ ಹಾಗೆ ಅತ್ತಿರಲಿಲ್ಲ. ಅವನೂ ಅತ್ತ. ಹುಟ್ಟು ಹಾಕುವವರಿಲ್ಲದೆ ದೋಣಿ ಹೊಳೆಯ ಕೆಳಗೆ ಸ್ವಲ್ಪ ದೂರ ತೇಲಿಹೋಯಿತು.

ದಡ ಸೇರುವಾಗ ಆರಾಧನೆ ಅರ್ಧ ಮುಗಿದಿತ್ತು. ಇಬ್ಬರೂ ಒಳಗೆ ಹೋದರು. ಆಕೆ ಹೆಂಗಸರ ಸಾಲಿನಲ್ಲಿ ಕುಳಿತಳು. ಅವನು ಬಾಗಿಲ ಬಳಿಯೇ ನಿಂತ. ಮುಂದಿನ ಭಾನುವಾರ ಬೇರೆಯವರೂ ಅವನ ದೋಣಿ ಹತ್ತಿದರು. ನೀರು ಏರಿದ ದಿನ ಮಾತ್ರ, ಯಾರು ಎಷ್ಟು ಒತ್ತಾಯಿಸಿದರೂ ಅವನು ಹಗ್ಗ ಬಿಚ್ಚುತ್ತಿರಲಿಲ್ಲ.

ಅಯ್ಯನವರು ಕತೆ ನಿಲ್ಲಿಸಿದರು. ಜಯವಂತ ಮುಂದೆ ಇನ್ನೇನೋ ಇದೆ ಎಂದುಕೊಂಡಿದ್ದ.

“ಹಾಗಾದರೆ ಕೊನೆಗೆ ಆಕೆ ಅವನನ್ನು ಕ್ಷಮಿಸಿದಳೇ, ಅಯ್ಯನವರೇ?” ಎಂದು ಕೇಳಿದ.

“ಅದು ಆಕೆಗೂ ದೇವರಿಗೂ ಬಿಟ್ಟದ್ದು, ಜಯವಂತಾ; ನೀನು ಯಾರ ಮನೆಗೆ ಹೋಗಬೇಕಾದವನು ಇಲ್ಲಿ ಕುಳಿತಿದ್ದೀ?”