ಬಿಲ್ಲೆ ತೊಟ್ಟ ಎಮ್ಮೆ

ಕಾಡಂಚಿನ ಕೆರೆಯ ಬಳಿ ಕರಿಬಸವ್ವ ಅನ್ನುವ ಎಮ್ಮೆ ಇದ್ದಳು, ಮಕ್ಕಳೇ. ಕಾಡಿನ ಡೇರಿಗೆ ಎಲ್ಲರಿಗಿಂತ ಹೆಚ್ಚು ಹಾಲು ಹಾಕುವವಳು ಅವಳೇ. ಬದಲಿಗೆ ಸಿಗುವ ಹಿಂಡಿಯಲ್ಲೇ ಅವಳ ಮತ್ತು ಅವಳ ಪುಟ್ಟ ಕರುವಿನ ಸಂಸಾರ. ಜಂಬ ಅಂದರೆ ಅಷ್ಟಿಷ್ಟಲ್ಲ, ಪಕ್ಕದ ಹಸು ನಿಂಗವ್ವನಿಗೆ ಮುಖ ಕೊಟ್ಟು ಮಾತಾಡಿದವಳಲ್ಲ.

ಒಂದು ದಿನ ಕೊಕ್ಕರೆ ಡಾಕ್ಟರಮ್ಮ ಚೀಲ ಹಿಡಿದು ಬಂದಳು. "ಬೇಸಿಗೆಗೆ ಕಾಲುಬಾಯಿ ಬೇನೆ ಬರುತ್ತೆ. ಈಗಲೇ ಲಸಿಕೆ ಹಾಕಿಸಿಕೊಳ್ಳಿ. ಹಾಕಿಸಿಕೊಂಡವರ ಕಿವಿಗೆ ಹಳದಿ ಬಿಲ್ಲೆ. ಬಿಲ್ಲೆ ಇಲ್ಲದವರ ಹಾಲು ಡೇರಿಗೆ ಬೇಡ."

"ಚುಚ್ಚಿದರೆ ಹಾಲು ಇಳಿಯುತ್ತಂತಲ್ಲ?" ಅಂದಳು ಕರಿಬಸವ್ವ.

"ಎರಡು ದಿನ ಚೂರು ಇಳಿಯಬಹುದು. ಆಮೇಲೆ ಸರಿಹೋಗುತ್ತೆ."

ಎರಡು ದಿನವೇ? ಅಷ್ಟರಲ್ಲಿ ನಿಂಗವ್ವ ಮುಂದಾಗಿಬಿಟ್ಟರೆ? ಕರಿಬಸವ್ವ ಸದ್ದಿಲ್ಲದೆ ಕೆರೆಗಿಳಿದಳು. ಮೂಗಿನ ಹೊಳ್ಳೆ ಬಿಟ್ಟು ಮಿಕ್ಕಿದ್ದೆಲ್ಲ ನೀರೊಳಗೆ. ಡಾಕ್ಟರಮ್ಮ ಹುಡುಕಿ ಹುಡುಕಿ ಸುಸ್ತಾದಳು.

ಆಮೇಲೆ ಕರಿಬಸವ್ವ ಕಾಗೆಯನ್ನು ಕರೆದಳು. "ಕಾಕಣ್ಣ, ಆ ಚೀಲದಿಂದ ಒಂದು ಬಿಲ್ಲೆ ಹಾರಿಸಿಕೊಂಡು ಬಾ. ನನ್ನ ಬೆನ್ನಿನ ಉಣುಗೆಲ್ಲ ನಿನಗೇ."

ಕಾಗೆ ಬಿಲ್ಲೆ ತಂದು, ಕೊಕ್ಕಿನಲ್ಲೇ ಕಿವಿ ತೂತು ಮಾಡಿ ಸಿಕ್ಕಿಸಿದ. ಸೂಜಿ ಚುಚ್ಚಿಸಿಕೊಂಡಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಮರುದಿನ ಕಿವಿ ಆಡಿಸುತ್ತ ಬಂದಳಲ್ಲ, ಆ ವೈಯಾರ ನೋಡಬೇಕಿತ್ತು.

"ಯಾವಾಗ ಹಾಕಿಸಿಕೊಂಡೆ? ಸಾಲಲ್ಲಿ ನಿನ್ನ ನೋಡಲೇ ಇಲ್ಲ," ಅಂದಳು ನಿಂಗವ್ವ.

"ನಿನ್ನ ಕಣ್ಣೆಲ್ಲ ನನ್ನ ಹಾಲಿನ ಮೇಲೆ. ನಾನೆಲ್ಲಿ ಕಾಣಿಸ್ತೀನಮ್ಮ?"

ಬೇಸಿಗೆ ಬಂತು, ಬೇನೆಯೂ ಬಂತು. ಕರಿಬಸವ್ವನೊಬ್ಬಳಿಗೇ ಬಾಯೆಲ್ಲ ಹುಣ್ಣು, ಸುರಿಯುವ ಜೊಲ್ಲು, ಕುಂಟುವ ಕಾಲು. ಹಾಲು ಬತ್ತುತ್ತ ಬಂತು. ಕೆರೆದಂಡೆಯಲ್ಲಿ ಗುಸುಗುಸು ಶುರುವಾಯಿತು. "ಬಿಲ್ಲೆ ಇದ್ದವಳಿಗೂ ಬಂತಂತೆ. ಡಾಕ್ಟರಮ್ಮನ ಔಷಧಿ ಬರೀ ನೀರಂತೆ."

ಡಾಕ್ಟರಮ್ಮ ಬಂದು ಬಾಯಿ ನೋಡಿದಳು, ಕಿವಿ ನೋಡಿದಳು. "ಈ ಬಿಲ್ಲೆ ನಾನು ಹಾಕಿದ್ದಲ್ಲ, ಕರಿಬಸವ್ವ. ನಿನ್ನ ಹಾಲು ಕುಡಿದರೆ ನಿನ್ನ ಕರು ಉಳಿಯಲ್ಲ. ಬೇರೆಯವರ ಹಾಲು ಬೇಕು. ಆದರೆ ಲಸಿಕೆ ಮೇಲೆ ನಂಬಿಕೆ ಹೋಗಿ, ತಮಗೂ ಬೇನೆ ಅಂಟೀತು ಅಂತ ಯಾರೂ ನಿಮ್ಮ ಹತ್ತಿರ ಸುಳಿಯುತ್ತಿಲ್ಲ. ಏನು ಮಾಡ್ತೀಯ?"

ಕರು ಹಸಿವಿಗೆ ಒರಲುತ್ತಿತ್ತು. ಕರಿಬಸವ್ವ ಕುಂಟುತ್ತ ದಿಬ್ಬ ಹತ್ತಿ ಎಲ್ಲರ ಮುಂದೆ ನಿಂತಳು.

"ಡಾಕ್ಟರಮ್ಮನ ತಪ್ಪಿಲ್ಲ. ನಾನು ಚುಚ್ಚಿಸಿಕೊಳ್ಳಲೇ ಇಲ್ಲ. ಕೆರೆಯಲ್ಲಿ ಅಡಗಿದ್ದೆ. ಈ ಬಿಲ್ಲೆ ಕದ್ದದ್ದು."

ಕಾಗೆ ಅಲ್ಲಿಂದ ಪರಾರಿ. ನಿಂಗವ್ವ ಅವಳನ್ನು ಅಡಿಯಿಂದ ಮುಡಿವರೆಗೆ ನೋಡಿದಳು.

"ನಿನ್ನ ಜಂಬಕ್ಕಿಷ್ಟು ಬೆಂಕಿ ಬೀಳ. ಮೊದಲು ಆ ಕೂಸನ್ನು ಈ ಕಡೆ ಕಳಿಸು."

ಕರು ಓಡಿಹೋಗಿ ನಿಂಗವ್ವನ ಕೆಚ್ಚಲಿಗೆ ಬಾಯಿ ಹಾಕಿ, ಬಾಲ ಆಡಿಸುತ್ತ ಚೊರಚೊರ ಹೀರತೊಡಗಿತು. ಕರಿಬಸವ್ವ ದೂರದಲ್ಲೇ ನಿಂತು ನೋಡಿದಳು.

ನೀತಿ: ಆರೈಕೆಯಿಂದ ತಪ್ಪಿಸಿಕೊಂಡು ಊರಿಗೆ ಸುಳ್ಳು ತೋರಿಸಿದರೆ, ಅದರ ಪೆಟ್ಟು ಮೊದಲು ಬೀಳುವುದು ನಮ್ಮ ಮಕ್ಕಳ ಮೇಲೆ.