ಮಾತಾಡುತ್ತಲೇ ದಾಟಿಸಬೇಕು

ತುಂಗಭದ್ರೆಯ ಆ ದಡದಲ್ಲಿ ಒಂದು ಪದ್ಧತಿ. ಹರಿಗೋಲು ನಡೆಸುವ ಹಕ್ಕು ಬೇಕೆಂದರೆ ಮೊದಲು ಊರ ಹಿರಿಯನನ್ನು ಕೂರಿಸಿಕೊಂಡು ಹೊಳೆ ದಾಟಿಸಬೇಕು. ದಾರಿಯುದ್ದಕ್ಕೂ ಹಿರಿಯ ಮಾತಾಡಿಸುತ್ತಾನೆ. ಉತ್ತರ ಕೊಡುತ್ತಲೇ ದಾಟಿಸಬೇಕು. ಹರಿಗೋಲು ಒಂದು ಸುತ್ತು ತಿರುಗಿತೋ, ಹುಟ್ಟು ಕೆಳಗಿಟ್ಟು ಮನೆಗೆ ಹೋಗುವುದೇ.

ಅಪ್ಪ ತೀರಿಕೊಂಡ ಮೇಲೆ ಅವನ ಹುಟ್ಟು ತನಗೇ ಬೇಕೆಂದು ಹಟ ಹಿಡಿದವಳು ದುರುಗವ್ವ. ಅಲ್ಲಿ ಹೆಣ್ಣುಮಕ್ಕಳು ಹುಟ್ಟು ಮುಟ್ಟಿದ್ದೇ ಇಲ್ಲ. ಕಲಿಸಲು ಒಪ್ಪಿದವನು ಮುದುಕ ಹುಲಿಗೆಪ್ಪಜ್ಜ ಒಬ್ಬನೇ.

ಮೂರು ತಿಂಗಳಾದ ಮೇಲೆ ಅವಳೆಂದಳು, “ಅಜ್ಜಾ, ಎಲ್ಲಾ ಬಾಯಿಪಾಠ ಆಗೇತ್ರಿ. ಎಲ್ಲಿ ಸುಳಿ, ಎಲ್ಲಿ ಬಂಡೆ, ಎಷ್ಟು ಎಳೀಬೇಕು, ಎಲ್ಲಾ.”

ಅಜ್ಜ ಹರಿಗೋಲು ಹತ್ತಿ ಕೂತ. ನಡುಹೊಳೆಯಲ್ಲಿ ಕೇಳಿದ, “ಮುಂಜಾನೆ ಏನ್ ಅಡಗಿ ಮಾಡಿದ್ದಿ?”

“ರೊಟ್ಟಿ, ಪುಂಡಿಪಲ್ಲೆ...” ಅನ್ನುವಷ್ಟರಲ್ಲಿ ಹರಿಗೋಲು ಗಿರ್ರನೆ ತಿರುಗಿತು.

“ಮಾತಾಡಿಸಬ್ಯಾಡ್ರಿ ಅಜ್ಜಾ! ಕೈ ತಪ್ತೈತಿ.”

ದಡಕ್ಕೆ ಬಂದ ಮೇಲೆ ಅಜ್ಜ ಹೇಳಿದ, “ಜಡಿ ಬಿಚ್ಚಿ ಮತ್ತ ಹೆಣಕೋ. ಹೆಣಕೋಂತ ನಿಮ್ಮಪ್ಪನ ಸುದ್ದಿ ಹೇಳು.”

ಹೇಳಿದಳು. ನಡುವೆ ಅಳುವೂ ಬಂತು. ಜಡೆ ಮಾತ್ರ ನಿಲ್ಲದೆ ಹೆಣೆದು ಮುಗಿಯಿತು.

“ಮೊದಲನೇ ಸಲ ಹೆಣಕೊಂಡಾಗ ಹಿಂಗ ಮಾತಾಡಿದ್ದೇನು?”

“ಎಲ್ಲೀದ್ರಿ ಅಜ್ಜಾ! ನಾಲಿಗಿ ಕಚ್ಕೊಂಡು ಕುಂತಿದ್ದೆ.”

“ಹುಟ್ಟೂ ಹಂಗ. ತಪ್ಪಿದಾಗೊಮ್ಮೆ ತಲಿ ಒಂದೀಟು ತಿದ್ಕೋತೈತಿ. ತಿದ್ದಿ ತಿದ್ದಿ ಸಾಕಾದ ಮ್ಯಾಲ ಕೆಲಸ ಕೈಗೆ ಬಿಟ್ಟು, ಬಾಯಿಗೆ ಮಾತಾಡಾಕ ಬಿಡುವು ಕೊಡ್ತೈತಿ. ನಡಿ, ಇನ್ನೂ ನೂರು ಸಲ ತಪ್ಪು.”

ತಪ್ಪಿದಳು ಮಹಾತಾಯಿ! ನೂರಲ್ಲ, ಲೆಕ್ಕ ಬಿಟ್ಟುಹೋಗುವಷ್ಟು. ಅಜ್ಜನನ್ನು ಎರಡು ಸಲ ನೀರಿಗೂ ಕೆಡವಿದಳು.

ಪರೀಕ್ಷೆಯ ದಿನ ಹಿರಿಯ ಯಮನಪ್ಪ ಹತ್ತಿ ಕೂತ, ಪಕ್ಕದಲ್ಲಿ ಅಜ್ಜ. ದಡ ಬಿಟ್ಟದ್ದೇ ತಡ, ಯಮನಪ್ಪ ಅಂದ, “ನಿಮ್ಮಪ್ಪಗ ಹುಟ್ಟು ಹಾಕಾಕ ಬರ್ತಿರಲಿಲ್ಲ. ನಿನಗೇನು ಬಂದೀತು?”

ದುರುಗವ್ವನಿಗೆ ಮೈಯೆಲ್ಲ ಉರಿಯಿತು. “ನೆರಿ ಬಂದಾಗ ನಿಮ್ಮ ಮನಿ ಮಂದೀನ ದಾಟಿಸಿದಾಂವ ಯಾರ್ರೀ? ನಮ್ಮಪ್ಪ! ಅವತ್ತು ನೀವು ಎಲ್ಲಿ ಅಡಗಿದ್ರಿ? ಹೇಳ್ರಲ್ಲ!”

ಬೈದಳು ಅಂದರೆ ಬೈದಳು. ಹರಿಗೋಲಿನ ತಳ ಆಚೆ ದಡದ ಮರಳಿಗೆ ತಾಗಿದಾಗಲೇ ಅವಳು ಮಾತು ನಿಲ್ಲಿಸಿದ್ದು. ಹರಿಗೋಲು ಒಂದು ಸುತ್ತೂ ತಿರುಗಿರಲಿಲ್ಲ.

ಅವಳಿಗೇ ದಿಗಿಲಾಯಿತು. “ಅಜ್ಜಾ, ನಾ ಬರೇ ಬೈಕೋಂತ ಬಂದ್ನಲ್ಲ! ಹುಟ್ಟು ಹಾಕಿದ್ದ ನೆನಪ ಇಲ್ಲ.”

ಹುಲಿಗೆಪ್ಪಜ್ಜನ ಎದೆ ಉಬ್ಬಿತ್ತು. ದಡದವರೆಲ್ಲ ಕೇಳುವಂತೆ ಅವನೆಂದ:

“ಇಳೀರಿ ಯಮನಪ್ಪನವರ. ಬೈದಾಕಿ ನಮ್ಮ ದುರುಗಿ. ದಾಟಿಸಿದಾಕಿ ಈ ಹೊಳಿ ಅಂಬಿಗಿತ್ತಿ.”