ಬಿಸಿಲಿಗೆ ತುಂಬುವ ಹೊಳೆ

ಹಿಮವತ್ಪರ್ವತದ ಮಡಿಲಲ್ಲಿ, ಮಂದಾಕಿನಿಗೆ ಬಂದು ಕೂಡುವ ಒಂದು ಸಣ್ಣ ಹೊಳೆಯ ದಂಡೆಯ ಮೇಲೆ ಪೂಜ್ಯ ಶ್ರೀ ನಿರ್ಮಮಾನಂದ ಸ್ವಾಮಿಗಳು ವಾಸವಾಗಿದ್ದರು. ಕಲ್ಲು ಪೇರಿಸಿದ ಗೋಡೆ, ಮೇಲೆ ಚಪ್ಪಡಿ, ಒಳಗೆ ಒಂದು ಕಂಬಳಿ, ಒಂದು ಕಮಂಡಲು. ಶ್ರೀಗಳ ಸಂಸಾರ ಇಷ್ಟೇ. ಪೂರ್ವಾಶ್ರಮದಲ್ಲಿ ವರದಾ ನದಿಯ ಕಡೆಯವರಾದ್ದರಿಂದ, ಕೇದಾರಕ್ಕೆ ಹೋದ ಕನ್ನಡ ಯಾತ್ರಿಕರು ಅವರ ದರ್ಶನ ಮಾಡದೆ ಹಿಂದಿರುಗುತ್ತಿರಲಿಲ್ಲ. ಆ ಹೊಳೆಗೆ ಅಲ್ಲಿಯ ಜನ ದೂಧಗಾಡ್, ಅಂದರೆ ಹಾಲುಹೊಳೆ, ಎನ್ನುತ್ತಾರೆ. ನೀರು ಹಾಲು ಬೆರೆಸಿದಷ್ಟು ಬೆಳ್ಳಗೆ. ಮೇಲಿನ ಹಿಮರಾಶಿಯು ಬಂಡೆಗಳನ್ನು ಬೀಸುಕಲ್ಲಿನಂತೆ ಬೀಸಿ, ಆ ಹಿಟ್ಟನ್ನು ನೀರಿನೊಡನೆ ಕಳುಹಿಸುವುದರಿಂದ ಆ ಬಣ್ಣವಂತೆ.

ಒಂದು ಜ್ಯೇಷ್ಠ ಮಾಸದಲ್ಲಿ ಬ್ಯಾಡಗಿಯಿಂದ ಯಾತ್ರಿಕರ ಒಂದು ತಂಡ ಬಂದಿತು. ಅವರಲ್ಲಿ ಮುರಿಗೆಪ್ಪನೆಂಬ ಕೆಂಪು ರುಮಾಲಿನ ಮೆಣಸಿನಕಾಯಿ ವ್ಯಾಪಾರಿ ಇದ್ದನು. ಸರಕಿನ ಖಾರವೆಲ್ಲ ಅವನ ನಾಲಿಗೆಗೇ ಹತ್ತಿತ್ತೆಂದು ಊರವರು ಹೇಳುತ್ತಿದ್ದರು. ದೇವರು, ಗುರು, ಯಾವುದರಲ್ಲೂ ಅವನಿಗೆ ನಂಬಿಕೆಯಿರಲಿಲ್ಲ. ಹೆಂಡತಿ ನೀಲಗಂಗವ್ವನ ಹಠಕ್ಕೆ ಬಂದಿದ್ದನು ಅಷ್ಟೆ. ಆ ತಾಯಿಗೆ ಉಬ್ಬಸದ ಬೇನೆ.

ಹೊಳೆಯ ಆಚೆ ಗುಹೆಯಲ್ಲೊಂದು ಶಿವಲಿಂಗವುಂಟು, ಅದಕ್ಕೊಬ್ಬ ಪೂಜಾರಿಯೂ ಉಂಟು. ಬೆಳಿಗ್ಗೆ ಹೆಂಗಸರೆಲ್ಲ ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ದಾಟಿ ಹೊರಟರು. ಶ್ರೀಗಳು ಗುಡಿಸಿಲಿನಿಂದ ಹೊರಗೆ ಬಂದು, “ತಾಯಂದಿರೇ, ಬಿಸಿಲು ನೆತ್ತಿಗೆ ಬರುವ ಮುನ್ನ ಈಚೆಗೆ ಬಂದುಬಿಡಿ” ಎಂದರು.

ಮುರಿಗೆಪ್ಪ ಗೊಳ್ಳೆಂದು ನಕ್ಕನು. “ಏನ್ರಿ ಬುದ್ಧಿ, ಮಳಿಗೆ ಹೊಳಿ ಬರೂದು ಕಂಡೇನಿ. ಬಿಸಲಿಗೆ ಹೊಳಿ ಬರೂದು ಎಲ್ಲೆರ ಐತೇನ್ರಿ?” ಎಂದು ಹೆಂಗಸರತ್ತ ತಿರುಗಿ, “ಮುಗಲಾಗ ಒಂದು ಹತ್ತಿ ಅರಳಿ ಗಾತ್ರ ಮೋಡಿಲ್ಲ. ನಿಮ್ಮ ಭಜನಿ ಮುಗಿಸೇ ಸಾವಕಾಶ ಬರ್ರಿ!” ಎಂದು ಕೂಗಿದನು.

ಬಯಲುಸೀಮೆಯವರಿಗೆ ಹೊಳೆಯೆಂದರೆ ಮೋಡವನ್ನು ನೋಡುವುದು ರೂಢಿ. ಹೆಂಗಸರು ಅವನ ಮಾತು ನಂಬಿದರು. ಭಜನೆ ಮುಗಿಸಿ ದಂಡೆಗೆ ಬರುವಷ್ಟರಲ್ಲಿ, ನೀಲಿ ಆಕಾಶದ ಕೆಳಗೆ, ಹೊಳೆ ಮದವೇರಿದ ಆನೆಯಂತೆ ಮೊರೆಯುತ್ತಿತ್ತು. ದಾಟಿದ ಕಲ್ಲುಗಳ ಗುರುತೂ ಇಲ್ಲ.

ಮುರಿಗೆಪ್ಪ ಅಂಗಿಯ ಜೇಬು ಮುಟ್ಟಿ ನೋಡಿಕೊಂಡನು. ಹೆಂಡತಿಯ ಉಬ್ಬಸದ ಔಷಧದ ಸೀಸೆ ಅಲ್ಲಿಯೇ ಇತ್ತು. ಆಚೆ ದಂಡೆಯಲ್ಲಿ ಆಕೆ ಎದೆ ಹಿಡಿದುಕೊಂಡು ಕುಳಿತಿದ್ದಳು. ಕೂಗಿದರೆ ನೀರಿನ ಸದ್ದಿನಲ್ಲಿ ಏನೂ ಕೇಳಿಸದು. ಅವನು ಹಿಂದುಮುಂದು ನೋಡದೆ ಹೊಳೆಗೆ ಇಳಿದೇಬಿಟ್ಟನು. ಮೊದಲ ಹೆಜ್ಜೆಗೇ ನೀರು ಅವನನ್ನು ಕೆಡವಿತು. ಶ್ರೀಗಳು ಸೊಂಟದವರೆಗೆ ಇಳಿದು, ತಮ್ಮ ಕಾವಿ ವಸ್ತ್ರವನ್ನು ಎಸೆದು, ಅದರ ತುದಿ ಹಿಡಿಸಿ ಎಳೆದುಕೊಂಡರು.

“ಬಿಡ್ರಿ ನನ್ನ! ನಾನs ಹೇಳಿ ಕಳಿಸೇನಿ ಆಕೀನ್ನ. ಆಕಿ ಸತ್ತರ?”

“ನೀನು ಹೋದರೆ ಔಷಧವೂ ಹೋಗುತ್ತದೆ. ಕುಳಿತುಕೋ.”

ಆ ಧ್ವನಿಗೆ ಅವನು ಕುಳಿತನು. ಹೊತ್ತು ಇಳಿಯುತ್ತಿತ್ತು. ತಾನು ಬದುಕಿದ್ದೇನೆಂದು ಆಕೆಗೆ ಕಾಣಲೆಂದು ಅವನು ದಂಡೆಯಲ್ಲಿದ್ದ ಕಟ್ಟಿಗೆ ಕೂಡಿಸಿ, ತನ್ನ ಗಂಟಿನಿಂದ ಒಣ ಕಡ್ಡಿಪೆಟ್ಟಿಗೆ ತಂದನು. ಹಿಮದ ನೀರಿಗೆ ಕೈ ಮರಗಟ್ಟಿ, ಕಡ್ಡಿ ಗೀರಲು ಬರಲಿಲ್ಲ. ಒಂದಾದ ಮೇಲೊಂದು ಕಡ್ಡಿ ಉದುರಿದವು.

ಓದುಗರಿಗೆ ತಿಳಿದಿರಲಿ, ಸಂನ್ಯಾಸ ಸ್ವೀಕರಿಸಿದವರು ಅಗ್ನಿಯನ್ನು ಬಿಟ್ಟವರು. ಒಲೆ ಹಚ್ಚುವಂತಿಲ್ಲ, ಚಳಿ ಕಾಯಿಸಲು ಸಹ ಬೆಂಕಿ ಮಾಡುವಂತಿಲ್ಲ. ಬಾಗಿಲಿಗೆ ಮಂಜು ಮುಚ್ಚಿದ ದಿನಗಳಲ್ಲೂ ಶ್ರೀಗಳು ಆ ನಿಯಮವನ್ನು ಮೀರಿದವರಲ್ಲ. ಅಂಥವರು ಮುರಿಗೆಪ್ಪನ ಕೈಯಿಂದ ಕಡ್ಡಿಪೆಟ್ಟಿಗೆ ತೆಗೆದುಕೊಂಡರು.

“ಬುದ್ಧಿ, ನೀವು ಮುಟ್ಟಬಾರದಲ್ಲರೀ!” ಅಷ್ಟು ಅವನಿಗೂ ಗೊತ್ತಿತ್ತು.

ಶ್ರೀಗಳು ಕಡ್ಡಿ ಗೀರಿದರು. ಬೆಂಕಿ ಹತ್ತಿಕೊಂಡಿತು. ಬೆಳಗಾಗುವ ತನಕ ಅದು ಆರದಂತೆ ತಾವೇ ಕಟ್ಟಿಗೆ ಒಟ್ಟಿದರು. ಒಮ್ಮೆ ಮಾತ್ರ, ಕೊನೆಯ ಬೆಳಕು ಬಿದ್ದಿದ್ದ ಹಿಮಶಿಖರಗಳತ್ತ ಕೈ ತೋರಿಸಿ ಹೇಳಿದರು: “ಅಲ್ಲಿ ಬಿಸಿಲಿಗೆ ಹಿಮ ಕರಗಿದ್ದು ಮಧ್ಯಾಹ್ನಕ್ಕೆ ಇಲ್ಲಿ ತುಂಬುತ್ತದೆ. ಆ ಬೆಟ್ಟದ ಈ ಮಗ್ಗುಲಿನ ನೀರು ಮಂದಾಕಿನಿಗೆ, ಬೆನ್ನಿನ ನೀರು ಭಾಗೀರಥಿಗೆ. ನಡುವೆ ಎಷ್ಟು ದೊಡ್ಡ ಗೋಡೆ ಇದ್ದರೂ ದೇವಪ್ರಯಾಗದಲ್ಲಿ ಎರಡೂ ಕೂಡುತ್ತವೆ. ಅಳಬೇಡ.”

ಸೂರ್ಯೋದಯಕ್ಕೆ ಮುನ್ನವೇ ಹೊಳೆ ಮೊಣಕಾಲಿಗೆ ಇಳಿದಿತ್ತು. ಮುರಿಗೆಪ್ಪ ಸೀಸೆ ಹಿಡಿದು ಎದ್ದುಬಿದ್ದು ದಾಟಿದನು. ನೀಲಗಂಗವ್ವ ಗುಹೆಯ ಬಾಗಿಲಲ್ಲಿ ಕಂಬಳಿ ಹೊದ್ದು, ಪೂಜಾರಿ ಕೊಟ್ಟ ಬಿಸಿನೀರು ಕುಡಿಯುತ್ತ ಕುಳಿತಿದ್ದಳು.

“ಉಸರು ಹೆಂಗೈತಿ?” ಎಂದನು.

“ನೀವು ನೀರಾಗ ಬಿದ್ದದ್ದು ಕಂಡು ನಿಂತs ಹೋಗಿತ್ತು. ಬೆಂಕಿ ಮುಂದ ನಿಮ್ಮ ಕೆಂಪು ರುಮಾಲು ಕಂಡಮ್ಯಾಲೆ ತಾನs ಸಡಲಾತು. ಚಲೋ ಹಚ್ಚಿದ್ರಿ ಬೆಂಕೀನ.”

“ನಾ ಹಚ್ಚಲಿಲ್ಲ” ಎಂದು ಅವನು ನಡೆದುದೆಲ್ಲವನ್ನೂ ಹೇಳಿದನು.

ಎಲ್ಲರೂ ಈಚೆಗೆ ಬಂದ ಮೇಲೆ ಹೆಂಗಸರು ಶ್ರೀಗಳ ಸುತ್ತ ನೆರೆದು, “ಹೊಳೀನs ಇಳಿಸಿದಿರಿ, ತಂದೆ!” ಎಂದು ಅಡ್ಡಬಿದ್ದರು. ಶ್ರೀಗಳು ನಗುತ್ತ ಕೈಯಾಡಿಸಿದರು. “ಹಿಮ ರಾತ್ರಿ ಗಟ್ಟಿಯಾಯಿತು, ನೀರು ಇಳಿಯಿತು. ದಿನವೂ ಇಳಿಯುತ್ತದೆ. ನನ್ನದೇನೂ ಇಲ್ಲಮ್ಮ.”

ಪವಾಡವನ್ನು ಹಳಿಯುವುದೇ ಕಸುಬಾಗಿದ್ದವನು ಈ ಮಾತಿಗೆ ಹೂಂಗುಟ್ಟಬೇಕಿತ್ತು. ಮುರಿಗೆಪ್ಪನಾದರೋ ದಂಡೆಗೆ ಹೋಗಿ, ಆರಿದ ಬೆಂಕಿಯ ಮುಂದೆ ಮಂಡಿಯೂರಿ, ಬೂದಿಯನ್ನು ಮೂರು ಬೆರಳಿಗೆ ತೆಗೆದುಕೊಂಡು, ಮದುವೆಯ ದಿನದಿಂದೀಚೆಗೆ ವಿಭೂತಿ ಕಾಣದ ಹಣೆಗೆ ಅಡ್ಡಲಾಗಿ ಎಳೆದುಕೊಂಡನು. ರೂಢಿ ತಪ್ಪಿದ್ದರಿಂದ ಗೆರೆಗಳೆಲ್ಲ ಸೊಟ್ಟ.

ನೀಲಗಂಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, “ನೋಡ್ರಿ ಬುದ್ಧಿ, ಮನ್ಯಾಗ ದಿನಾ ಹೇಳಿ ಹೇಳಿ ನನಗ ಉಬ್ಬಸ ಬಂತು. ಇದನ್ನ ಕಾಣಾಕ ಹಿಮಾಲಯಕ್ಕs ಬರಬೇಕಾತು!” ಎಂದಳು.

ಶ್ರೀಗಳು ಹೊಳೆಯ ಸದ್ದನ್ನೂ ಮೀರಿಸುವಂತೆ ನಕ್ಕರು. ಮುರಿಗೆಪ್ಪನೂ ನಕ್ಕನು, ಕಣ್ಣೀರು ಹರಿದು, ಹಣೆಯಿಂದ ಕೆನ್ನೆಗೆ ಉದುರಿದ ಬೂದಿಯಲ್ಲಿ ದಾರಿ ಮಾಡಿಕೊಳ್ಳುತ್ತಿದ್ದರೂ.